ಒಂದು ಸಾಲು ಎರಡಾಗಿ ಕಂಡವಳು

ನೀರು ಸರಬರಾಜು ಆಫೀಸಿನಲ್ಲಿ ಅವಳನ್ನು ಎದುರಿಗೆ ಮೇಡಂ ಅನ್ನುತ್ತಿದ್ದರು, ಬೆನ್ನ ಹಿಂದೆ ಗರಗಸ ಅನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದಳು ಅಂದುಕೊಳ್ಳಬೇಡಿ. ಒಂದು ಸಲ ಬಾಗಿಲ ಮರೆಯಲ್ಲಿ ನಿಂತು ಆ ಮಾತು ಕೇಳಿಸಿಕೊಂಡವಳು ಸೀದಾ ಒಳಗೆ ಬಂದು, "ಗರಗಸಕ್ಕೆ ಹಲ್ಲಿರುತ್ತೆ, ನೆನಪಿರಲಿ" ಅಂದು, ಬಂದ ದಾರಿಯಲ್ಲೇ ಹೋಗಿದ್ದಳು. ಅವಳ ಬಗ್ಗೆ ಒಳ್ಳೆ ಮಾತಾಡುವವರು ಆ ಆಫೀಸಿನಲ್ಲಿ ಒಬ್ಬರೂ ಇರಲಿಲ್ಲ. ನಾನೂ ಆಡಬೇಕು ಅಂತ ಕೂತಿಲ್ಲ. ನಡೆದದ್ದು ಹೇಳುತ್ತೇನೆ, ತೀರ್ಮಾನ ನಿಮಗೆ ಬಿಟ್ಟದ್ದು.

ಊರಿಗೆಲ್ಲ ನೀರು ಬಿಡುವ ಕಂಪ್ಯೂಟರ್ ಯಂತ್ರ ಇದ್ದದ್ದು ಊರಾಚೆಯ ಪಂಪ್‌ಹೌಸಿನಲ್ಲಿ. ಯಾವ ಬೀದಿಯ ವಾಲ್ವ್ ಎಷ್ಟು ಹೊತ್ತಿಗೆ ತೆರೆಯಬೇಕು, ಎಷ್ಟು ಹೊತ್ತಿಗೆ ಮುಚ್ಚಬೇಕು ಅನ್ನುವುದೆಲ್ಲ ಆ ಯಂತ್ರದೊಳಗಿನ ಒಂದು ಫೈಲಿನಲ್ಲಿ, ಬೀದಿಗೊಂದು ಸಾಲಿನ ಹಾಗೆ ಬರೆದಿತ್ತು. ಗರಗಸ ಕೂರುತ್ತಿದ್ದದ್ದು ಊರ ಮಧ್ಯದ ಆಫೀಸಿನ ಮಹಡಿಯಲ್ಲಿ. ಅಲ್ಲಿಂದಲೇ ನೆಟ್‌ವರ್ಕಿನ ಮೂಲಕ ಆ ಯಂತ್ರದ ಒಳಗೆ ಹೋಗಿ, ಕಪ್ಪು ಪರದೆಯ ಮೇಲೆ ಫೈಲು ತೆರೆದು, ಸಾಲು ತಿದ್ದಿ, ಉಳಿಸಿ ಬರುತ್ತಿದ್ದಳು. ಮೌಸು ಇಲ್ಲ, ಚಿತ್ರ ಇಲ್ಲ, ಬಣ್ಣ ಇಲ್ಲ. ಬರೀ ಅಕ್ಷರ, ಮಿಣುಕುವ ಒಂದು ಕರ್ಸರು. ಆಫೀಸಿಗೆ ಮೊದಲ ಕಂಪ್ಯೂಟರ್ ಬಂದಾಗ ಉಳಿದವರು ಶಾಕ್ ಹೊಡೆದೀತು ಅಂತ ದೂರ ನಿಂತಿದ್ದರು. ಅವಳು ಮುಂದೆ ಹೋಗಿ ಕೂತಳು. ಕೂತವಳು ಏಳಲಿಲ್ಲ. ಮದುವೆಯೂ ಆಗಲಿಲ್ಲ. ಯಾಕೆ ಅಂತ ಕೇಳಿದವರಿಗೆ, "ನೀವು ಆಗಿ ಏನು ಸುಖ ಕಂಡ್ರಿ, ಅದನ್ನ ಮೊದಲು ಹೇಳಿ" ಅನ್ನುತ್ತಿದ್ದಳು. ಕೇಳಿದವರು ಮತ್ತೆ ಆ ಕಡೆ ತಲೆ ಹಾಕುತ್ತಿರಲಿಲ್ಲ.

ಪಂಪ್‌ಹೌಸಿನಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದವನು ಬೇರೆ ಯಾರೂ ಅಲ್ಲ, ಅವಳ ಒಡಹುಟ್ಟಿದ ತಮ್ಮ. ಅಕ್ಷರ ಕಲಿಸಿದವಳು ಅವಳು, ಓದಿಸಿದವಳು ಅವಳು, ಆಫೀಸಿನ ಇಂಜಿನಿಯರ ಬೆನ್ನು ಬಿದ್ದು ಕೆಲಸಕ್ಕೆ ಸೇರಿಸಿದವಳೂ ಅವಳೇ. ಈಗ ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ.

ಜಗಳ ಹುಟ್ಟಿದ್ದು ಚಿಕ್ಕಮ್ಮನ ಮನೆಯ ಊಟದ ಮೇಜಿನಲ್ಲಿ. ನೆಂಟರೆಲ್ಲ ಕೂತಿದ್ದಾಗ ತಮ್ಮ, "ಅಕ್ಕ, ಒಂದ್ಸಲ ಕಣ್ಣು ತೋರಿಸ್ಕೋ. ಅಪ್ಪನ ಥರಾನೇ ತಲೆ ವಾಲಿಸಿ ನೋಡ್ತಿದ್ದೀಯ" ಅಂದುಬಿಟ್ಟ. ಅವರಪ್ಪ ದರ್ಜಿ. ನಡುವಯಸ್ಸಿನಲ್ಲಿ ಅವನ ಕಣ್ಣಿಗೆ ಅಲ್ಲೊಂದು ಇಲ್ಲೊಂದು ಕಡೆ ಕಾಣದ ಹಾಗಾಯಿತು. ಯಾರಿಗೂ ಹೇಳಲಿಲ್ಲ. ತಲೆ ವಾಲಿಸಿ ಕಂಡಷ್ಟು ಕಂಡು, ಮಿಕ್ಕದ್ದನ್ನು ಕೈ ಅಭ್ಯಾಸದ ಮೇಲೆ ಹೊಲಿದ. ಸೂಜಿಗೆ ದಾರ ಪೋಣಿಸಲು ಮಾತ್ರ ಮಗನನ್ನು ಕರೆಯುತ್ತಿದ್ದ. ಕಡೆಗೊಂದು ದಿನ ಗಿರಾಕಿಯ ಕೋಟಿಗೆ ಎರಡೂ ಎಡಗೈಯ ತೋಳೇ ಹೊಲಿದು ಕೂತಾಗ ಊರಿಗೆಲ್ಲ ಗೊತ್ತಾಯಿತು. ಅಷ್ಟರಲ್ಲಿ ಹೊತ್ತು ಮೀರಿತ್ತು. ಇದು ರಕ್ತದಲ್ಲಿ ಇಳಿದು ಬರುವ ಕಾಯಿಲೆ, ಮೊದಲೇ ಬಂದಿದ್ದರೆ ತಡೆಯಬಹುದಿತ್ತು ಅಂತ ಡಾಕ್ಟರು ಹೇಳಿ ಕೈ ತೊಳೆದುಕೊಂಡರು.

ಅಂಥ ಮನೆಯಲ್ಲಿ ಆಡುವ ಮಾತೇ ಅದು? ಗರಗಸ ತಟ್ಟೆ ಸರಿಸಿ ಎದ್ದಳು. "ನನ್ನ ಕುರ್ಚಿ ಬೇಕು ಅಂತ ನೇರವಾಗಿ ಕೇಳು. ಅಪ್ಪನ್ನ ಯಾಕೆ ಎಳೀತೀಯ?" ಅಂದಳು. ಅವಳು ಅಂದದ್ದು ಸುಳ್ಳೂ ಅಲ್ಲ. ಆ ಫೈಲು ತಿದ್ದುವ ಕೆಲಸ ಪಂಪ್‌ಹೌಸಿನಲ್ಲೇ ಆಗಬೇಕು, ತನ್ನ ಕೈಗೇ ಬರಬೇಕು ಅಂತ ತಮ್ಮ ಮೇಲಿನವರಿಗೆ ಆಗಲೇ ಅರ್ಜಿ ಹಾಕಿದ್ದ. ಅವತ್ತಿನಿಂದ ಅಕ್ಕ ತಮ್ಮನಿಗೆ ಮಾತು ಬಿಟ್ಟುಹೋಯಿತು.

ಮಾತು ಬಿಟ್ಟರೂ ಕೆಲಸ ಬಿಡುವ ಹಾಗಿಲ್ಲವಲ್ಲ. ಆ ಫೈಲಿನಲ್ಲಿ ಒಂದು ಅನುಕೂಲ ಇತ್ತು. ಸಾಲಿನ ಮೊದಲಿಗೆ ಒಂದು ಗುರುತು ಹಾಕಿದರೆ ಯಂತ್ರ ಆ ಸಾಲನ್ನು ಓದದೆ ದಾಟಿ ಹೋಗುತ್ತಿತ್ತು. ವಾಲ್ವ್ ರಿಪೇರಿ, ಪೈಪು ಸೋರಿಕೆ ಅಂತ ಟಿಪ್ಪಣಿ ಬರೆಯುವುದಕ್ಕೆ ಇದ್ದ ಜಾಗ ಅದು. ಅಕ್ಕ ತಮ್ಮ ಅದನ್ನು ಬೈದಾಡುವ ಕಟ್ಟೆ ಮಾಡಿಕೊಂಡರು. "ರಾಯರು ನಿದ್ದೆಯಿಂದ ಎದ್ದ ಮೇಲೆ ಈ ವಾಲ್ವ್ ನೋಡುವುದು" ಅಂತ ಇವಳು ಬರೆದರೆ, "ಮಹಾರಾಣಿಯವರು ಒಂದು ದಿನ ಇಲ್ಲಿಗೆ ಬಂದು ಕೆಸರು ತುಳಿಯುವುದು" ಅಂತ ಅವನು ಕೆಳಗೆ ಬರೆಯುತ್ತಿದ್ದ. ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲಿ, ನಮ್ಮ ಮಾತು. ಇಂಗ್ಲಿಷ್ ಅಕ್ಷರದಲ್ಲಿ ಬೈದರೆ ಬೈದ ಹಾಗೇ ಆಗುವುದಿಲ್ಲ, ಅದು ಬೇರೆ ವಿಷಯ. ತಮ್ಮನಿಗೂ ಹಾಗೇ ಅನ್ನಿಸಿರಬೇಕು. ಪಂಪ್‌ಹೌಸಿಗೆ ಹೊಸ ಯಂತ್ರ ಬಂದದ್ದೇ ತಡ, ಅವನು ನಮ್ಮ ಲಿಪಿಯಲ್ಲೇ ಬರೆಯಲು ಶುರು ಮಾಡಿದ.

ತೊಂದರೆ ಶುರುವಾದದ್ದು ಆಗಿನಿಂದ. ಅವನು ಬರೆದ ಸಾಲು ಇವಳ ಪರದೆಯ ಮೇಲೆ ಗಜಿಬಿಜಿಯಾಗಿ ಬೀಳುತ್ತಿತ್ತು. ಅದಿರಲಿ, ಅವನ ಕಿತಾಪತಿ ಅಂದುಕೊಂಡು ಬಿಟ್ಟಳು. ಅದರ ಆಚೀಚಿನ ಸಾಲುಗಳೂ ಕೆಟ್ಟವು. ಒಂದು ಸಾಲು ಎರಡು ಕಡೆ ಕಾಣುತ್ತಿತ್ತು. ಅಳಿಸಿದ ಅಕ್ಷರ ಅಲ್ಲೇ ಕೂತಿರುತ್ತಿತ್ತು, ಅಳಿಸದ ಅಕ್ಷರ ಮಾಯವಾಗಿರುತ್ತಿತ್ತು. ಕರ್ಸರು ಒಂದು ಕಡೆ ಮಿಣುಕಿದರೆ ಒತ್ತಿದ ಅಕ್ಷರ ಇನ್ನೊಂದು ಕಡೆ ಬೀಳುತ್ತಿತ್ತು.

ಬೇರೆ ಯಾರಾದರೂ ಆಗಿದ್ದರೆ ಪರದೆ ಕೆಟ್ಟಿದೆ ಅಂತ ಬಾಯಿ ಬಡಿದುಕೊಳ್ಳುತ್ತಿದ್ದರು. ಗರಗಸದ ಬಾಯಿಗೆ ಬೀಗ ಬಿತ್ತು. ಎರಡೆರಡು ಕಾಣುವುದು ಹಾಗಿರಲಿ, ಇದ್ದದ್ದು ಕಾಣದಿರುವುದು ಅವಳು ಚಿಕ್ಕಂದಿನಲ್ಲಿ ಅಪ್ಪನಲ್ಲಿ ಕಂಡ ರೋಗ. ಕಣ್ಣು ಹೋಗುತ್ತಿದೆ ಅಂತ ಹೆದರಿದಳು. ಹೇಳಿಕೊಂಡರೆ ಕುರ್ಚಿ ತಮ್ಮನ ಪಾಲು. ಅವನ ಮುಂದೆ ಮೂಗು ಕೊಯ್ಸಿಕೊಂಡ ಹಾಗೆ. ಸರಿ, ಅಪ್ಪ ಮಾಡಿದ್ದನ್ನೇ ಅವಳೂ ಮಾಡಿದಳು. ಕಂಡಷ್ಟು ಕಂಡಳು, ಮಿಕ್ಕದ್ದನ್ನು ನೆನಪಿನ ಮೇಲೆ ನಡೆಸಿದಳು. ಆ ಫೈಲಿನ ಪ್ರತಿ ಸಾಲೂ ಅವಳಿಗೆ ಬಾಯಿಪಾಠ. ಕನ್ನಡಕ ಬದಲಿಸಿದಳು, ಅಕ್ಷರ ದೊಡ್ಡದು ಮಾಡಿದಳು, ಮೇಜಿನ ದೀಪ ಹತ್ತಿರ ಎಳೆದುಕೊಂಡಳು. ಯಾರಾದರೂ ಹಿಂದೆ ಬಂದು ನಿಂತರೆ, "ಏನು, ನನ್ನ ಬೆನ್ನ ಮೇಲೆ ಸಿನಿಮಾ ಓಡ್ತಿದೆಯಾ?" ಅಂತ ಓಡಿಸುತ್ತಿದ್ದಳು. ಅವಳು ಮೊದಲಿನಿಂದ ಹಾಗೇ ಇದ್ದದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ.

ಹೀಗೇ ನಡೆಯುತ್ತಿರುವಾಗ ಗುಡ್ಡದ ಬೀದಿಯ ಸಾಲು ಪರದೆಯ ಮೇಲೆ ಎರಡು ಸಲ ಕಂಡಿತು, ಒಂದರ ಕೆಳಗೊಂದು. ಒಂದೇ ವಾಲ್ವಿಗೆ ಎರಡು ಸಾಲು ಇರಬಾರದು. ಇದು ಕಣ್ಣಿನ ಕಾಟವಲ್ಲ, ತಮ್ಮನೇ ತನ್ನನ್ನು ಸಿಕ್ಕಿಸಲು ಇನ್ನೊಂದು ಸೇರಿಸಿದ್ದಾನೆ ಅಂತ ಹಲ್ಲು ಕಡಿದು ಕೆಳಗಿನದನ್ನು ಅಳಿಸಿ ಉಳಿಸಿದಳು. ಫೈಲಿನಲ್ಲಿ ಇದ್ದದ್ದು ಒಂದೇ ಸಾಲು. ಎರಡನೆಯದು ಪರದೆಯ ಮೇಲಿನ ಬರೀ ಕಲೆ. ಬೆಳಿಗ್ಗೆ ಗುಡ್ಡದ ಬೀದಿಯ ನಲ್ಲಿಯಲ್ಲಿ ಒಂದು ತೊಟ್ಟು ನೀರು ಬರಲಿಲ್ಲ. ಹೆಂಗಸರು ಖಾಲಿ ಬಕೆಟ್ ಹಿಡಿದು ಆಫೀಸಿನ ಮೆಟ್ಟಿಲ ಮೇಲೆ ಕೂತರು, ಅವರಲ್ಲೊಬ್ಬಳು ಬಕೆಟ್ಟನ್ನು ಇಂಜಿನಿಯರ ಕಾರಿನ ಮೇಲೇ ಎಸೆದಳು.

ಇಂಜಿನಿಯರು ಕೂಗಾಡುವ ಮನುಷ್ಯ ಅಲ್ಲ. ಅವರ ತಣ್ಣನೆ ಮಾತೇ ಇನ್ನೂ ಕೆಟ್ಟದ್ದು. "ನೋಡಿ ಮೇಡಂ, ಇನ್ನೊಂದು ತಪ್ಪಾದರೆ ಫೈಲು ನಿಮ್ಮ ತಮ್ಮನ ಕೈಗೆ. ನಿಮಗೆ ಕೆಳಗಡೆ ದೂರು ತಗೊಳ್ಳೋ ಕಿಟಕಿ" ಅಂದರು. ದೂರಿನ ಕಿಟಕಿ ಅಂದರೆ ದಿನವಿಡೀ ಊರಿನ ಬೈಗುಳ ತಿನ್ನುವ ಜಾಗ. ಇಷ್ಟು ವರ್ಷ ಬೈದೇ ಬದುಕಿದವಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಉಂಟೆ?

ಕುರ್ಚಿಗೆ ವಾಪಸ್ ಬಂದು ಕೂತಳು. ಅಳಿಸಿಹೋದ ಸಾಲನ್ನು ತಮ್ಮ ಆಗಲೇ ಪಂಪ್‌ಹೌಸಿನಿಂದ ವಾಪಸ್ ಹಾಕಿದ್ದ, ಪರದೆಯಲ್ಲಿ ಅದು ಮತ್ತೆ ಎರಡಾಗಿ ಕಂಡಿತು. ಪಕ್ಕದ ಮೇಜಿನಲ್ಲಿ ಟೈಪಿಸ್ಟ್ ಇದ್ದಳು. ಫ್ಯಾನು ಯಾವ ಕಡೆ ತಿರುಗಬೇಕು ಅನ್ನುವ ವಿಷಯಕ್ಕೆ ಅವಳಿಗೂ ಗರಗಸಕ್ಕೂ ಹಾವು ಮುಂಗುಸಿ ಜಗಳ. ಆದರೆ ಬೇರೆ ದಾರಿ ಇರಲಿಲ್ಲ. ಗರಗಸ ಗಂಟಲು ಸರಿಮಾಡಿಕೊಂಡು, "ಇಲ್ಲಿ ಬಾ. ಗುಡ್ಡದ ಬೀದಿ ಅಂತ ಎಷ್ಟು ಸಲ ಬರೆದಿದೆ ನೋಡು" ಅಂದಳು.

"ಯಾಕೆ, ನಿಮಗೆ ಎಣಿಸೋಕೆ ಬರಲ್ವಾ?"

"ಕೇಳಿದ್ದಕ್ಕೆ ಉತ್ತರ ಕೊಡು."

ಟೈಪಿಸ್ಟ್ ಮೂತಿ ಸೊಟ್ಟ ಮಾಡಿಕೊಂಡು ಬಗ್ಗಿ ನೋಡಿದಳು. "ಎರಡು ಸಲ. ಇದೇನ್ರೀ ಹಿಂಗೆ ಕಲಸು ಮೇಲೋಗರ ಆಗಿದೆ? ಇದನ್ನ ನೋಡ್ಕೊಂಡು ಕೆಲಸ ಮಾಡ್ತೀರಾ?"

ಎರಡು ಸಲ. ಟೈಪಿಸ್ಟಳ ಎಳೆ ಕಣ್ಣಿಗೂ ಎರಡು ಸಲ. ಗರಗಸಕ್ಕೆ ಆ ಕ್ಷಣ ಆದ ಸಂತೋಷಕ್ಕೆ ಅವಳನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ತಬ್ಬಿಕೊಳ್ಳಲಿಲ್ಲ. "ಸಾಕು, ಹೋಗು" ಅಂದಳು. ಬದುಕಿದೆಯಾ ಬಡಜೀವವೇ ಅಂತ ಒಳಗೊಳಗೇ ಉಸಿರು ಬಿಟ್ಟಳು.

ಹೆದರಿಕೆ ಹೋದದ್ದೇ ಬುದ್ಧಿ ವಾಪಸ್ ಬಂತು. ಪರದೆಯನ್ನು ಮತ್ತೆ ಮೊದಲಿಂದ ಬರೆಯಿಸುವ ಕೀಲಿ ಒತ್ತಿದಳು. ಅರ್ಧ ಕಲೆ ಹೋಯಿತು, ಅರ್ಧ ಉಳಿಯಿತು. ಫೈಲಿನ ಒಂದು ನಕಲು ತೆಗೆದು ತಮ್ಮನ ಗಜಿಬಿಜಿ ಸಾಲುಗಳನ್ನೆಲ್ಲ ಕಿತ್ತು ಹಾಕಿದಳು. ಪರದೆ ಕನ್ನಡಿಯ ಹಾಗೆ ನಿಂತಿತು. ಅಲ್ಲಿಗೆ ಕಳ್ಳ ಸಿಕ್ಕಿಬಿದ್ದ. ತಾನು ಒಳಗೆ ಹೋಗುವ ಲೆಕ್ಕದಲ್ಲಿ, ಅಂದರೆ ಲಾಗಿನ್ನಿನಲ್ಲಿ, ಹೊಸ ಯಂತ್ರ ಯಾವ ಲಿಪಿ ಬಲ್ಲದು ಅಂತ ಅದನ್ನೇ ವಿಚಾರಿಸಿದಳು. ಇಂಗ್ಲಿಷ್ ಬಿಟ್ಟರೆ ಬೇರೇನೂ ಗೊತ್ತಿಲ್ಲ ಅಂತ ಅದು ಒಪ್ಪಿಕೊಂಡಿತು. ತಮ್ಮ ತನ್ನ ಲೆಕ್ಕಕ್ಕೆ ನಮ್ಮ ಲಿಪಿಯ ಸೆಟ್ಟಿಂಗ್ ಹಾಕಿಕೊಂಡಿದ್ದ, ಅಕ್ಕನ ಲೆಕ್ಕಕ್ಕೆ ಹಾಕಿರಲಿಲ್ಲ. ನಮ್ಮ ಒಂದು ಅಕ್ಷರವನ್ನು ಆ ಯಂತ್ರ ಮೂರು ಅಂತ ಎಣಿಸುತ್ತಿತ್ತು, ಇವಳ ಪರದೆ ಒಂದು ಅಂತ ಎಣಿಸುತ್ತಿತ್ತು. ಬೈಗುಳ ಉದ್ದವಾದಷ್ಟೂ ಯಂತ್ರದ ಎಣಿಕೆ, ಪರದೆಯ ಎಣಿಕೆ ದೂರ ದೂರವಾಗಿ, ಅಳಿಸಬೇಕಾದ ಕಡೆ ಬರೆದು, ಬರೆಯಬೇಕಾದ ಕಡೆ ಅಳಿಸುತ್ತಿದ್ದವು.

ತನ್ನ ಲೆಕ್ಕದಲ್ಲಿ ಒಂದು ಸಾಲು ಸೇರಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಗೊತ್ತಿದ್ದೂ ಅವಳು ಸೇರಿಸಲಿಲ್ಲ. ಇಂಜಿನಿಯರ ಎದುರಿಗೇ ಸರಿ ಮಾಡಿ ತಮ್ಮನ ಮುಖಕ್ಕೆ ಮಸಿ ಬಳಿಯಬೇಕಿತ್ತು ಅವಳಿಗೆ. ನೋಡಿ, ಇಂಥ ಕಡೆಯೇ ನನಗೆ ಅವಳ ಮೇಲೆ ಸಿಟ್ಟು ಬರುವುದು. ಗೆದ್ದ ಮೇಲೂ ಮನೆಗೆ ಹೋಗಲು ಗೊತ್ತಿರಲಿಲ್ಲ.

ಅವಳು ಹೇಳಿ ಕಳಿಸಿದ ಮೇಲೆ ಇಂಜಿನಿಯರು ಚಹಾ ಲೋಟ ಹಿಡಿದುಕೊಂಡು ಬಂದು ಅವಳ ಮೇಜಿನ ಆಚೆ ಕೂತರು. ಪಂಪ್‌ಹೌಸಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದರು. ತಮ್ಮನೂ ಅಲ್ಲಿ ತನ್ನ ಪರದೆಯ ಮುಂದೆ ಕೂತಿದ್ದ.

"ಅವರಿಗೆ ಹೇಳಿ ಸರ್," ಅಂದಳು ಗರಗಸ, ತಮ್ಮನ ಹೆಸರೂ ಎತ್ತದೆ, "ಹೊಸ ಯಂತ್ರ ಬಂದಾಗ ನನ್ನ ಲೆಕ್ಕಕ್ಕೆ ಲಿಪಿ ಹಾಕೋದು ಅವರ ಕೆಲಸ ಆಗಿತ್ತು ಅಂತ."

"ಅವರಿಗೂ ಹೇಳಿ ಸರ್," ಅಂತು ಫೋನು, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

"ನೆಲ ಡೊಂಕೇ ಸರ್. ನೋಡಿ." ಅವಳು ಪರದೆಯನ್ನು ಇಂಜಿನಿಯರ ಕಡೆ ತಿರುಗಿಸಿ ಗುಡ್ಡದ ಬೀದಿಯ ಎರಡು ಸಾಲು ತೋರಿಸಿದಳು. ಟೈಪಿಸ್ಟಳನ್ನು ಕರೆದು ಸಾಕ್ಷಿ ಹೇಳಿಸಿದಳು. ಆಮೇಲೆ ಫೈಲು ಮುಚ್ಚಿ, ತನ್ನ ಲೆಕ್ಕದಲ್ಲಿ ಲಿಪಿಯ ಸಾಲು ಸೇರಿಸಿ, ಹೊರಗೆ ಬಂದು, ಮತ್ತೆ ಒಳಗೆ ಹೋಗಿ, ಫೈಲು ತೆರೆದಳು. ಗುಡ್ಡದ ಬೀದಿ ಒಂದೇ ಸಲ ಕಂಡಿತು. ತಮ್ಮನ ಬೈಗುಳಗಳೆಲ್ಲ ನಮ್ಮ ಲಿಪಿಯಲ್ಲಿ ದುಂಡಗೆ ಸಾಲಾಗಿ ನಿಂತವು. ಇಂಜಿನಿಯರು ಒಂದೆರಡು ಓದಿ ನಗು ತಡೆಯಲಾರದೆ ಚಹಾ ಚೆಲ್ಲಿಕೊಂಡು, ಕನ್ನಡಕ ತೆಗೆದು ಒರೆಸಲು ಶುರು ಮಾಡಿದರು.

"ಗೊತ್ತಾಯ್ತು ಮೇಡಂ. ತಪ್ಪು ನಿಮ್ಮದಲ್ಲ" ಅಂದರು.

"ಸರ್, ಒಂದು ನಿಮಿಷ." ಫೋನಿನಿಂದ ತಮ್ಮನ ದನಿ. "ಪರದೆ ಸರಿಹೋಯ್ತಲ್ಲ. ಒಂದ್ಸಲ ಅಕ್ಕ ಓದಿಬಿಡಲಿ. ಮೇಲಿಂದ ಕೆಳಗೆ. ಅಷ್ಟು ಸಾಕು ನನಗೆ."

"ಓದ್ತೀನಿ, ಅದಕ್ಕೇನು" ಅಂದಳು ಗರಗಸ. ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡು, ಬೆನ್ನು ನೆಟ್ಟಗೆ ಮಾಡಿ ಓದಿದಳು. ಮಾರುಕಟ್ಟೆ ಬೀದಿ, ಆಸ್ಪತ್ರೆ ರಸ್ತೆ, ಗುಡ್ಡದ ಬೀದಿ ಐದೂವರೆ, ಹಳೇ ಸೇತುವೆ. ಎಲ್ಲೂ ನಿಲ್ಲಲಿಲ್ಲ, ಎಲ್ಲೂ ಎಡವಲಿಲ್ಲ. ಓದಿ ಮುಗಿಸಿ ಟೈಪಿಸ್ಟಳ ಕಡೆ ಒಂದು ನೋಟ ಬಿಸಾಡಿದಳು.

ಇಂಜಿನಿಯರು ಇನ್ನೂ ಕನ್ನಡಕ ಒರೆಸುತ್ತಿದ್ದರು. "ಏನಪ್ಪಾ, ಸರಿನಾ?"

ಲೈನು ಕಟ್ಟಾಯಿತೇನೋ ಅಂತ ಇಂಜಿನಿಯರು ಫೋನನ್ನು ತಟ್ಟಿ ನೋಡಿದರು.

"ಸರಿ ಇದೆ ಸರ್" ಅಂದ ತಮ್ಮ.

ಇಂಜಿನಿಯರು ಎದ್ದು ಹೋದರು. ಕುರ್ಚಿ ಉಳಿಯಿತು. ಗರಗಸ ಗೆದ್ದ ಖುಷಿಯಲ್ಲಿ ಫ್ಯಾನನ್ನು ಪೂರ್ತಿ ತನ್ನ ಕಡೆ ತಿರುಗಿಸಿಕೊಂಡಳು. ತಿರುಗಿಸಿ ವಾಪಸ್ ಕೂರುವಾಗ ಪಕ್ಕದಿಂದ ಪರದೆ ಕಣ್ಣಿಗೆ ಬಿತ್ತು. ಗುಡ್ಡದ ಬೀದಿಯ ಮುಂದೆ ಆರೂಕಾಲು ಅಂತ ಇತ್ತು.

ಮತ್ತೆ ಕೆಟ್ಟಿತೇ ಅಂದುಕೊಂಡಳು. ಪರದೆ ಮತ್ತೆ ಬರೆಯಿಸುವ ಕೀಲಿ ಒತ್ತಿದಳು. ಆರೂಕಾಲು. ಲಿಪಿಯ ಸಾಲು ನೋಡಿದಳು, ಸರಿ ಇತ್ತು. ಪರದೆಯ ಅಗಲ ನೋಡಿದಳು, ಸರಿ ಇತ್ತು. ನೇರವಾಗಿ ಕೂತು ಗುಡ್ಡದ ಬೀದಿಯನ್ನು ನೋಡಿದರೆ ಅದರ ಮುಂದೆ ಏನು ಬರೆದಿದೆ ಅನ್ನುವುದೇ ತಿಳಿಯಲಿಲ್ಲ. ಐದೂವರೆ ಅಂತ ಮನಸ್ಸೇ ತುಂಬಿಸಿಕೊಂಡುಬಿಡುತ್ತಿತ್ತು. ತಲೆ ವಾಲಿಸಿದರೆ ಆರೂಕಾಲು ಕಾಣುತ್ತಿತ್ತು. ಪರದೆಯಲ್ಲಿ ಈಗ ಒಂದು ಕಲೆಯೂ ಇರಲಿಲ್ಲ. ದೂರಲು ಏನೂ ಉಳಿದಿರಲಿಲ್ಲ.

ಫೋನು ಎತ್ತಿ ತಾನೇ ಪಂಪ್‌ಹೌಸಿಗೆ ಮಾಡಿದಳು.

"ಸಾಲು ಯಾವಾಗ ಬದಲಿಸಿದೆ?"

ಅವನಿಗೆ ದನಿ ಗುರುತು ಹತ್ತಲು ಕಷ್ಟವಾಗಲಿಲ್ಲ. "ನೀನು ಫೈಲು ಮುಚ್ಚಿ ತೆಗೆಯೋ ಮಧ್ಯ."

"ನನ್ನ ಸಿಕ್ಕಿಸೋಕೆ."

"ಹೌದು. ಸಿಕ್ಕಿಸೋಕೇ."

"ಮತ್ತೆ ಸರಿ ಇದೆ ಅಂತ ಯಾಕೆ ಬೊಗಳಿದೆ?"

"ನೀನು ಅಪ್ಪನ ಥರಾನೇ ಓದಿದೆ ಕಣಕ್ಕ. ಎಲ್ಲಾ ಕಾಣ್ತಿರೋ ಹಾಗೆ. ಹೇಳೋಣ ಅಂತಾನೇ ಕೂತಿದ್ದೆ. ಬಾಯಿ ಬರಲಿಲ್ಲ."

"ನಿನ್ನ ಕನಿಕರ ನಿನ್ನ ಹತ್ರಾನೇ ಇಟ್ಕೋ."

"ಕನಿಕರ ಯಾರಿಗೆ? ನಿನ್ನ ಕುರ್ಚಿ ನನಗೆ ಈಗಲೂ ಬೇಕು. ಮೊದಲು ಡಾಕ್ಟರ ಹತ್ರ ಹೋಗಿ ಬಾ. ಆಮೇಲೆ ಕಿತ್ಕೋತೀನಿ."

ಅವಳು ಫೋನು ಕುಕ್ಕಿದಳು. ತಮ್ಮ ಸೋಲಿಸಿದ್ದರೆ ಬೈದುಕೊಂಡು ಬದುಕುತ್ತಿದ್ದಳು. ಅವನು ಬಿಟ್ಟುಕೊಟ್ಟ ಕುರ್ಚಿಯಲ್ಲಿ ದಿನಾ ಕೂರುವುದು ಹೇಗೆ? ಅದು ಆಗದ ಮಾತು. ನಾಳೆ ಯಾವ ಬೀದಿಗೆ ನೀರು ತಪ್ಪುತ್ತದೋ ಅನ್ನುವ ಯೋಚನೆಯೂ ಬಂತು, ಇಲ್ಲ ಅನ್ನುವುದಿಲ್ಲ. ಆದರೆ ಅವಳನ್ನು ಎಬ್ಬಿಸಿದ್ದು ಹಗೆ.

ಸೀದಾ ಇಂಜಿನಿಯರ ಕೋಣೆಗೆ ಹೋದಳು. "ನಾನು ಓದಿದ್ದು ತಪ್ಪು ಸರ್. ಗುಡ್ಡದ ಬೀದಿಗೆ ಆರೂಕಾಲು ಇತ್ತು, ಐದೂವರೆ ಅಂದೆ. ಮೊದಲು ಐದೂವರೆನೇ ವಾಪಸ್ ಹಾಕಿಸಿ. ಪಂಪ್‌ಹೌಸಿನವನಿಗೆ ಗೊತ್ತಿದ್ದೂ ಮೇಲಧಿಕಾರಿಗೆ ಸುಳ್ಳು ಹೇಳಿದ. ಅದನ್ನೂ ಗಮನಕ್ಕೆ ತಗೊಳ್ಳಿ."

ಇಂಜಿನಿಯರಿಗೆ ತಲೆಬುಡ ತಿಳಿಯಲಿಲ್ಲ. "ಅಂದ್ರೆ ಸ್ಕ್ರೀನು ಇನ್ನೂ ಸರಿ ಹೋಗಿಲ್ವಾ?"

"ಸ್ಕ್ರೀನು ಸರಿ ಇದೆ ಸರ್." ಅವಳು ಮೇಜಿನ ಅಂಚು ಹಿಡಿದುಕೊಂಡಳು. "ನನ್ನ ಕಣ್ಣು ಸರಿ ಇಲ್ಲ."

ಇಂಜಿನಿಯರು ಲೋಟ ಕೆಳಗಿಟ್ಟರು. ಕೂತುಕೊಳ್ಳಿ ಅಂದರು, ಅವಳು ಕೂರಲಿಲ್ಲ. "ನಾಳೆ ರಜ ಬೇಕು. ಫೈಲು ಅವನಿಗೇ ಕೊಡಿ. ನಾನು ಬಂದ ಮೇಲೆ ಏನು ಉಳಿದಿರುತ್ತೋ ನೋಡೋಣ."

"ಆಸ್ಪತ್ರೆಗೆ ಜೊತೆಗೆ ಯಾರು ಬರ್ತಾರೆ?"

"ನಾನೇನು ಚಿಕ್ಕ ಮಗುವಾ?" ಅಂದಳು.

ಚೀಲ ಹೆಗಲಿಗೆ ಹಾಕಿಕೊಂಡು ಹೊರಟವಳನ್ನು ಟೈಪಿಸ್ಟ್ ಬಾಗಿಲಿನಲ್ಲಿ ನಿಂತು ನೋಡುತ್ತಿದ್ದಳು. "ಏನು ನೋಡ್ತೀಯ? ಫ್ಯಾನು ನಿನ್ನ ಕಡೆ ತಿರುಗಿಸ್ಕೋ" ಅಂದಳು ಗರಗಸ. ಮಹಡಿಯ ಮೆಟ್ಟಿಲ ತುದಿಗೆ ಬಂದು ನಿಂತಳು. ಮೆಟ್ಟಿಲ ಅಂಚು ಅವಳಿಗೆ ಕಾಣದೆ ಎಷ್ಟೋ ದಿನ ಆಗಿತ್ತು, ಅಲ್ಲಿ ಬೆಳಕು ಸಾಲದು ಅಂತ ತನಗೆ ತಾನೇ ಹೇಳಿಕೊಂಡಿದ್ದಳು. ಯಾರಾದರೂ ನೋಡಿಯಾರು ಅಂತ ಇಷ್ಟು ದಿನವೂ ಕಂಬಿ ಮುಟ್ಟದೆ, ಲೆಕ್ಕದ ಮೇಲೆ ಕಾಲಿಟ್ಟು ಇಳಿಯುತ್ತಿದ್ದಳು. ಅವತ್ತು ಟೈಪಿಸ್ಟ್ ನೋಡುತ್ತಿರುವಾಗಲೇ ಎರಡು ಕೈಯಲ್ಲೂ ಕಂಬಿ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ತಡವಿ ಇಳಿದಳು.